ಕುದುರೆಮುಖದ ಬುಡದ ಒಂದು ಮಣ್ಣಿನ ಕಟ್ಟ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರ.

ಬೆಳ್ತಂಗಡಿ ತಾಲೂಕಿನ ಒಂದು ಅಡಿಕೆ ತೋಟದ ಮನೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಕಾಡಿನ ಮೇಲೆ ಹುಲ್ಲಿನ ಗುಡ್ಡ. ಗುಡ್ಡದ ಮೇಲೆ ಮೋಡ. ನಮ್ಮ ತೋಟಕ್ಕೆ ನೀರು ಕೊಡುವ ತೋಡು, ಅಂದರೆ ಸಣ್ಣ ಹೊಳೆ, ಹುಟ್ಟುವುದು ಅಲ್ಲೇ.

ನಾನು ಕೇಳಬೇಕೆಂದಿರುವುದು ಒಂದು ಕಟ್ಟದ ಬಗ್ಗೆ. ಅಣೆಕಟ್ಟಲ್ಲ, ಕಟ್ಟ. ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಆದರೆ ಇದು ನಿಮ್ಮ ಮೇಜಿಗೆ ಬರುವ ಹೊತ್ತಿಗೆ 'ಅರಣ್ಯದೊಳಗೆ ನೀರು ತಡೆಯುವ ಕಾಮಗಾರಿ' ಅಂತ ಆಗಿಬಿಟ್ಟಿರುತ್ತದೆ. ಅದಕ್ಕೇ ಮೊದಲು ಅದು ಏನು ಅಂತ ಹೇಳುತ್ತೇನೆ.

ನವೆಂಬರ್ ಕೊನೆಗೆ ತೋಡಿನ ನೀರು ಇಳಿಯುತ್ತದೆ. ಆಗ ಏಳೆಂಟು ಮನೆಯವರು ಸೇರುತ್ತೇವೆ, ಮನೆಗೊಬ್ಬರಂತೆ. ತೋಡಿಗೆ ಅಡ್ಡಲಾಗಿ ಎರಡು ಸಾಲು ಕಲ್ಲು ಇಡುತ್ತೇವೆ. ನಡುವೆ ಒಂದು ಮೊಳದಷ್ಟು ಜಾಗ. ಅದಕ್ಕೆ ಅಂಟು ಮಣ್ಣು, ಹಸಿ ಸೊಪ್ಪು ತುಂಬಿ ಕಾಲಲ್ಲಿ ತುಳಿಯುತ್ತೇವೆ. ಈ ತುಳಿಯುವ ಕೆಲಸವೇ ಮುಖ್ಯ. ಹಿಮ್ಮಡಿ ಹೂತುಹೋಗದಷ್ಟು ಗಟ್ಟಿಯಾದ ಮೇಲೆ ಇನ್ನೊಂದು ಪದರ. ಕಲ್ಲು ಜಾರುವ ಕಡೆ ಸೀಳಿದ ಅಡಿಕೆ ಮರ ಆಸರೆಗೆ. ಸಿಮೆಂಟ್ ಇಲ್ಲ, ಕಬ್ಬಿಣ ಇಲ್ಲ. ಸಂಜೆಗೆ ಕಟ್ಟದ ಹಿಂದೆ ನೀರು ಮೊಣಕಾಲಿಗೆ ಬರುತ್ತದೆ, ಮರುದಿನ ಬೆಳಿಗ್ಗೆ ಸೊಂಟಕ್ಕೆ. ಅಲ್ಲಿಂದ ಒಂದು ಸಣ್ಣ ಕಾಲುವೆಯಲ್ಲಿ ತೋಟಕ್ಕೆ ಇಳಿಯುತ್ತದೆ. ಮಿಕ್ಕಿದ್ದು ಕಟ್ಟದ ಮೇಲಿಂದ ಹರಿದುಹೋಗಲೇಬೇಕು. ಕೆಳಗಿನ ಕಟ್ಟದವರಿಗೂ ನೀರು ಬೇಕಲ್ವಾ? ಮೇಲಿನವರು ತೋಡು ಬತ್ತಿಸುವ ಹಾಗಿಲ್ಲ ಅನ್ನುವುದು ಬಾಯಿಮಾತಿನ ಕರಾರು. ಅದನ್ನು ಮುರಿದವರನ್ನು ನಾನಂತೂ ನೋಡಿಲ್ಲ.

ಜೂನ್‌ನ ಮೊದಲ ನೆರೆಗೆ ಕಟ್ಟ ಕೊಚ್ಚಿಹೋಗುತ್ತದೆ. ಹೋಗಬೇಕು ಕೂಡ. ಉಳಿದರೆ ಹಿಂದೆ ಹೂಳು ತುಂಬಿ ತೋಡು ದಾರಿ ಬದಲಿಸುತ್ತದೆ. ಮುಂದಿನ ವರ್ಷ ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಕಲ್ಲುಗಳಿಂದ ಮತ್ತೆ ಕಟ್ಟುತ್ತೇವೆ.

ಈ ಜಾಗ ಉದ್ಯಾನದ ಗಡಿಯಿಂದ ಸುಮಾರು ಐವತ್ತು ಹೆಜ್ಜೆ ಒಳಗಿದೆ. ನಮ್ಮ ತೊಂದರೆ ಶುರುವಾಗುವುದು ಇಲ್ಲಿಂದಲೇ.

ಎರಡು ವರ್ಷದ ಹಿಂದೆ ನಾವು ಮಣ್ಣು ತುಳಿಯುತ್ತಿದ್ದಾಗ ಅರಣ್ಯ ಇಲಾಖೆಯ ಇಬ್ಬರು ಸಿಬ್ಬಂದಿ ಬಂದರು. ಒರಟಾಗಿ ಮಾತಾಡಲಿಲ್ಲ, ಆ ಮಾತು ಹೇಳಲೇಬೇಕು. ಅನುಮತಿ ಪತ್ರ ಎಲ್ಲಿ ಅಂತ ಕೇಳಿದರು. ನಮ್ಮ ಜೊತೆ ಇದ್ದ ಪಕ್ಕದ ಮನೆಯ, ಮಲೆಕುಡಿಯ ಬುಡಕಟ್ಟಿನ ಅಜ್ಜನಿಗೆ ಎಂಬತ್ತು ದಾಟಿದೆ. ಅವರು ಬುದ್ಧಿ ಬಂದಾಗಿನಿಂದ ಆ ಕಟ್ಟ ತುಳಿದವರು. "ಯಾರ ಹತ್ತಿರ ಕೇಳಬೇಕು ಧನೀ?" ಅಂದರು. ಬಂದವರಿಗೂ ಅದು ಗೊತ್ತಿರಲಿಲ್ಲ. ಕೆಲಸ ಅರ್ಧಕ್ಕೆ ನಿಂತಿತು. ಆ ಬೇಸಿಗೆ ತೋಟದ ಮೇಲಿನ ತುದಿಯ ಎಳೆ ಗಿಡಗಳಿಗೆ ಮನೆಯ ಹೆಂಗಸರು ಕೊಡಪಾನದಲ್ಲಿ ನೀರು ಹೊತ್ತರು. ಕಳೆದ ವರ್ಷ ಬೇರೆ ಸಿಬ್ಬಂದಿ ಇದ್ದರು, ಯಾರೂ ಏನೂ ಕೇಳಲಿಲ್ಲ, ಕಟ್ಟಿದೆವು. ಈ ವರ್ಷ ಏನೋ ಗೊತ್ತಿಲ್ಲ. ಬೈಸಿಕೊಳ್ಳುವುದಕ್ಕಿಂತ ಕಷ್ಟ ಈ ಗೊತ್ತಿಲ್ಲದಿರುವುದು.

ಆಮೇಲೆ ನಾನೇ ಕೂತು ಕಾಯ್ದೆ ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ. ರಾಷ್ಟ್ರೀಯ ಉದ್ಯಾನದ ಒಳಗೆ ಬರುವ ಅಥವಾ ಹೊರಗೆ ಹೋಗುವ ನೀರಿನ ಹರಿವನ್ನು ತಿರುಗಿಸುವುದಕ್ಕೆ, ನಿಲ್ಲಿಸುವುದಕ್ಕೆ, ಹೆಚ್ಚಿಸುವುದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅದು ವನ್ಯಜೀವಿಗಳಿಗೆ ಒಳ್ಳೆಯದು ಅಂತ ರಾಜ್ಯ ಸರ್ಕಾರಕ್ಕೆ ಮನವರಿಕೆ ಆದರೆ ಮಾತ್ರ ಅನುಮತಿ ಸಿಗುತ್ತದೆ. ಈ ಮಾತು ಸೇರಿದ್ದು 2002ರ ತಿದ್ದುಪಡಿಯಲ್ಲಿ. ದೊಡ್ಡ ಅಣೆಕಟ್ಟು, ಪೈಪು, ಸುರಂಗ ಇವನ್ನು ತಡೆಯಲು ಇದು ಬೇಕೇ ಬೇಕು. ನೇತ್ರಾವತಿ ಹುಟ್ಟುವ ಗುಡ್ಡದ ಬುಡದಲ್ಲಿ ಬದುಕುವ ನನಗೆ ಅದರ ಬೆಲೆ ಗೊತ್ತು. ಆದರೆ ಅದೇ ಸಾಲಿನೊಳಗೆ ನಮ್ಮ ಮಣ್ಣಿನ ಕಟ್ಟವೂ ಸಿಕ್ಕಿಬಿದ್ದಿದೆ.

ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ನಾನು ಉದ್ಯಾನದ ವಿರೋಧಿ ಅಲ್ಲ. ('ಉದ್ಯಾನ' ಅನ್ನುವ ಹೆಸರು ಮಾತ್ರ ನನಗೆ ಯಾವತ್ತೂ ಒಗ್ಗಿಲ್ಲ. ಇದು ಯಾರೋ ನೆಟ್ಟು ಬೆಳೆಸಿದ ತೋಟ ಅಲ್ಲವಲ್ಲ.) 1980ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು. 1987ರಲ್ಲಿ ಉದ್ಯಾನದ ಘೋಷಣೆ ಆಯಿತು. ಸುಮಾರು 600 ಚದರ ಕಿಲೋಮೀಟರ್ ಕಾಡು, ಶೋಲಾ (ಗುಡ್ಡಗಳ ನಡುವಿನ ಕಣಿವೆಯ ಕಾಡು), ಹುಲ್ಲುಗಾವಲು ಉಳಿಯಿತು. ಅದು ಆಗದೇ ಹೋಗಿದ್ದರೆ ಇವತ್ತು ನಮ್ಮ ತೋಡು ಇರುತ್ತಿತ್ತಾ ಅಂತ ನನಗೆ ಅನುಮಾನ.

ಯಾಕೆಂದರೆ ಗುಡ್ಡದ ಆ ಕಡೆ ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. 1969ರಲ್ಲಿ ಕಬ್ಬಿಣದ ಅದಿರಿಗೆ 30 ವರ್ಷದ ಗುತ್ತಿಗೆ ಕೊಟ್ಟರು. ಭದ್ರೆಗೆ ಕೆಂಪು ಮಣ್ಣು ಇಳಿಯಿತು. ಅದಿರು ತೆಗೆದು ಉಳಿದ ಕೆಸರನ್ನು ತುಂಬಿಸಲು ಲಕ್ಯಾ ಕಣಿವೆಗೇ ಅಣೆಕಟ್ಟು ಕಟ್ಟಿದರು. ಜನ ಕೋರ್ಟಿಗೆ ಹೋದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಆ ಅಣೆಕಟ್ಟು ಈಗಲೂ ಅಲ್ಲೇ ಇದೆ, ಕೆಸರು ತುಂಬಿಕೊಂಡು. ಅದನ್ನು ಕಟ್ಟಿದ ಗಣಿಗೆ ಗುತ್ತಿಗೆಯ ಕಾಗದ ಇತ್ತು. ಪ್ರತಿ ಮಳೆಗಾಲ ಗುರುತೇ ಇಲ್ಲದ ಹಾಗೆ ಕೊಚ್ಚಿಹೋಗುವ ನಮ್ಮ ಕಟ್ಟಕ್ಕೆ ಒಂದು ತುಂಡು ಕಾಗದ ಇಲ್ಲ. ಸರ್, ಇದು ನನ್ನನ್ನು ರಾತ್ರಿ ಮಲಗಲು ಬಿಡುವುದಿಲ್ಲ.

ನಮ್ಮವರೆಲ್ಲ ಸಾಚಾ ಅಂತ ನಾನು ಹೇಳುವುದಿಲ್ಲ. ಹಂದಿಗೆ ಉರುಳು ಇಡುವವರು ಇದ್ದಾರೆ. ಸೊಪ್ಪು ಸವರುವ ನೆಪದಲ್ಲಿ ಮರದ ತಲೆಯನ್ನೇ ಕಡಿಯುವವರೂ ಇದ್ದಾರೆ. ಅವರನ್ನು ಹಿಡಿಯಿರಿ, ನಾವು ಅಡ್ಡ ಬರುವುದಿಲ್ಲ.

ಇನ್ನು, ಪರಿಹಾರ ಕೊಟ್ಟರೆ ನಾವೇ ಇಲ್ಲಿಂದ ಹೋಗುತ್ತೇವೆ ಅನ್ನುವವರೂ ಇದ್ದಾರೆ. ಎಳನೀರು ನಮ್ಮದೇ ತಾಲೂಕಿನ ಊರು, ಆದರೆ ಅಲ್ಲಿಯವರು ತಾಲೂಕು ಕಚೇರಿಗೆ ಬರಬೇಕಾದರೆ ಕುದುರೆಮುಖದ ಮೇಲೆ ಸುತ್ತಿ ಬರಬೇಕು. ಕಾಯಿಲೆಯವರನ್ನು ಹೊತ್ತು ಸಾಗಿಸಿ ಸಾಕಾದವರಿಗೆ ನೀನು ಇಲ್ಲೇ ಇರು ಅಂತ ಹೇಳಲು ನಾನು ಯಾರು? ಅವರಿಗೆ ಪರಿಹಾರ ಪೂರ್ತಿಯಾಗಿ, ಒಂದೇ ಸಲಕ್ಕೆ ಕೊಡಿ. ಆದರೆ ಉಳಿಯುವವರ ನೀರು ಅನುಮಾನದಲ್ಲಿದ್ದರೆ, ಆಮೇಲೆ ಅವರೂ ಹೊರಟಾಗ ಅದನ್ನು 'ಸ್ವಇಚ್ಛೆ' ಅಂತ ಬರೆಯುವುದು ಸರಿಯಲ್ಲ.

ದಾರಿ ಇಲ್ಲ ಅಂತ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಅದರ 3ನೇ ಸೆಕ್ಷನ್‌ನಲ್ಲಿ, ಬೇಟೆ ಒಂದನ್ನು ಬಿಟ್ಟು, ರೂಢಿಯಲ್ಲಿ ಬಂದ ಉಳಿದ ಹಕ್ಕುಗಳಿಗೂ ಜಾಗ ಇದೆ. ಹಕ್ಕು ಇತ್ಯರ್ಥ ಆಗುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ ಅಂತಲೂ ಇದೆ. ತೊಡಕು ಬರುವುದು ಸಾಕ್ಷಿಯಲ್ಲಿ. ಬುಡಕಟ್ಟಿಗೆ ಸೇರದ ನಮ್ಮಂಥವರು 2005ರ ಡಿಸೆಂಬರ್ 13ಕ್ಕೂ ಹಿಂದಿನ 75 ವರ್ಷದ ಲೆಕ್ಕ ತೋರಿಸಬೇಕು. ಬಾವಿ ಇದ್ದರೆ ಬಾವಿ ತೋರಿಸಬಹುದು. ಗೋಡೆ ಇದ್ದರೆ ಗೋಡೆ. ಪ್ರತಿ ವರ್ಷ ನೆರೆಗೆ ಹೋಗುವ ಕಟ್ಟವನ್ನು ತೋರಿಸುವುದು ಹೇಗೆ? ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿಯೇ ಅಂತ ನಿಯಮ ಹೇಳುತ್ತದೆ. ಹಾಗಾದರೆ ಬೇಗ ಬರೆದುಕೊಳ್ಳಿ. ನಮ್ಮ ಪಕ್ಕದ ಮನೆಯ ಅಜ್ಜನಂಥವರು ಪ್ರತಿ ಊರಲ್ಲೂ ಒಬ್ಬರೋ ಇಬ್ಬರೋ ಉಳಿದಿದ್ದಾರೆ, ಅಷ್ಟೇ.

ಹಕ್ಕಿನ ಅರ್ಜಿ ಪರಿಶೀಲಿಸುವ ಉಪವಿಭಾಗ, ಜಿಲ್ಲಾ ಸಮಿತಿಗಳಲ್ಲಿ ನಿಮ್ಮ ಇಲಾಖೆಯ ಅಧಿಕಾರಿಗಳು ಕೂರುತ್ತಾರೆ. ಕಟ್ಟದ ಸಾಮುದಾಯಿಕ ಹಕ್ಕಿನ ಅರ್ಜಿ ಬಂದಾಗ ಜಾಗಕ್ಕೆ ಬಂದು ನೋಡಿ, ಬರಹದಲ್ಲಿ ಅಭಿಪ್ರಾಯ ಕೊಡಿ ಅಂತ ಅವರಿಗೆ ನೀವು ಹೇಳಬಹುದು. ಅದು ಮುಗಿಯುವ ತನಕ ತಪ್ಪಲಿನ ಊರುಗಳ ಕಟ್ಟಗಳಿಗೆ ಊರಿಗೊಂದರಂತೆ ಅನುಮತಿ ಪತ್ರ ಕೊಡಿಸಬಹುದು. ಯಾವ ತೋಡು, ಯಾವ ಜಾಗ, ಯಾವ ತಿಂಗಳಿಂದ ಯಾವ ತಿಂಗಳು, ಯಂತ್ರ ಇಲ್ಲ, ಸಿಮೆಂಟ್ ಇಲ್ಲ. ಅರ್ಧ ಪುಟ ಸಾಕು. ಷರತ್ತು ಎಷ್ಟು ಬಿಗಿಯಾಗಿದ್ದರೂ ನಮಗೆ ತಕರಾರಿಲ್ಲ, ಬರಹದಲ್ಲಿ ಇದ್ದರೆ ಸಾಕು.

ವನ್ಯಜೀವಿಗೆ ಇದರಿಂದ ಏನು ಒಳ್ಳೆಯದು ಅಂತ ಕಾಯ್ದೆ ಕೇಳುತ್ತದಲ್ಲ, ಅದಕ್ಕೂ ಉತ್ತರ ಇದೆ. ಮಾರ್ಚ್ ತಿಂಗಳಲ್ಲಿ ಬೆಳಕು ಹರಿಯುವ ಮೊದಲು ಕಟ್ಟದ ಹತ್ತಿರ ಬನ್ನಿ. ಸುತ್ತಲಿನ ಸಣ್ಣ ತೋಡುಗಳು ಆಗ ಒಣಗಿರುತ್ತವೆ. ನಮ್ಮ ಕಟ್ಟದ ಹಿಂದಿನ ಕೆಸರಲ್ಲಿ ಕಡವೆಯ ಗೊರಸು, ಹಂದಿ ಹೊರಳಿದ ಗುಂಡಿ, ಕೆಲವು ದಿನ ಕಾಟಿಯ (ಕಾಡುಕೋಣದ) ದೊಡ್ಡ ಹೆಜ್ಜೆ ಕಾಣಿಸುತ್ತವೆ. ಒಂದು ಸಲ ನಾಯಿಯದ್ದಲ್ಲದ, ಉಗುರು ಮೂಡದ ಒಂದು ಹೆಜ್ಜೆ ಇತ್ತು. ಅಜ್ಜ ಅದರ ಪಕ್ಕದಲ್ಲಿ ತಮ್ಮ ಅಂಗೈ ಇಟ್ಟು ಅಳೆದು ನೋಡಿ, ಚಿರತೆ ಅಂದರು. ಆ ದಿನ ನಾವು ಆ ಕಡೆಯಿಂದ ನೀರು ಬಿಡಲು ಹೋಗಲಿಲ್ಲ.

ಈಗ ದೀಪಾವಳಿ ಕಳೆದಿದೆ. ತೋಡಿನ ನೀರು ಇಳಿಯಲು ಶುರುವಾಗಿದೆ, ಹೋದ ವರ್ಷದ ಕಲ್ಲುಗಳು ಒಂದೊಂದಾಗಿ ಕಾಣಿಸುತ್ತಿವೆ. ಡಿಸೆಂಬರ್ ಮೊದಲ ಭಾನುವಾರ ಸೇರುವುದು ಅಂತ ಮಾತಾಗಿದೆ. ಅಷ್ಟರೊಳಗೆ ನಿಮ್ಮ ಉತ್ತರ ಬರಲಿ. ನೀವೇ ಬಂದರೆ ಇನ್ನೂ ಸಂತೋಷ, ಊಟ ನಮ್ಮ ಮನೆಯಲ್ಲಿ.

ಇಂತಿ,
ಕುದುರೆಮುಖ ತಪ್ಪಲಿನ ಒಬ್ಬ ಕೃಷಿಕ