ದುರ್ಗ ಅಂದರೆ ಬೆಟ್ಟ ಒಂದೇ ಅಲ್ಲ: ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ದುರ್ಗದ ಕಡೆಯವನು. ಚಿತ್ರದುರ್ಗ ಅಂತ ಅರ್ಜಿಯಲ್ಲಿ ಬರೆಯುತ್ತೇವೆ, ಬಾಯಲ್ಲಿ ಬರೋದು ಬರೀ ದುರ್ಗ. ಈಗ ನೌಕರಿ, ಮನೆ ಎಲ್ಲಾ ಬೆಂಗಳೂರಲ್ಲಿ. ಮೊನ್ನೆ ಎರಡು ದಿನ ರಜೆ ಹಾಕಿ ದೊಡ್ಡಮ್ಮನನ್ನೂ ಅಕ್ಕನ ಮಗಳನ್ನೂ ಕರೆದುಕೊಂಡು ಊರಿಗೆ ಹೋಗಿದ್ದೆ. ಮೊದಲ ದಿನ ಕೋಟೆ, ಎರಡನೇ ದಿನ ಸುತ್ತಲಿನ ಊರುಗಳು ಅಂತ ಲೆಕ್ಕ ಹಾಕಿದ್ದೆ. ಮೊದಲ ದಿನ ಲೆಕ್ಕದಂತೆಯೇ ಕಳೆಯಿತು. ಎರಡನೇ ದಿನ ಏನಾಯ್ತು ಅಂತ ಹೇಳಬೇಕು, ಆಮೇಲೆ ನಿಮ್ಮ ಹತ್ತಿರ ಒಂದು ಬಸ್ಸು ಕೇಳಬೇಕು. ಪತ್ರ ಇಷ್ಟಕ್ಕೇ.

ಕೋಟೆಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. ಆದರೂ ಊರಿನವನ ಚಪಲ, ಸ್ವಲ್ಪ ಹೇಳಿಬಿಡುತ್ತೇನೆ. ಏಳು ಸುತ್ತಿನ ಕೋಟೆ ಅಂತಾರಲ್ಲ, ಅದರಲ್ಲಿ ಮೂರು ಸುತ್ತು ನೆಲದ ಮೇಲಿವೆ, ನಾಲ್ಕು ಬೆಟ್ಟದ ಮೇಲೆ. ಅಂದರೆ ದೊಡ್ಡಪೇಟೆಯಲ್ಲಿ ತರಕಾರಿ ಕೊಳ್ಳೋಕೆ ಹೋದವರೂ ಕೋಟೆಯ ಒಳಗೇ ಇರುತ್ತಾರೆ. ಪ್ರವಾಸಿಗರಿಗೆ ಇದು ಗೊತ್ತಾಗೋದೇ ಇಲ್ಲ. ಅವರ ಕೋಟೆ ಟಿಕೆಟ್ ಕೌಂಟರಿನಿಂದ ಶುರುವಾಗುತ್ತದೆ. ರಂಗಯ್ಯನ ಬಾಗಿಲು, ಸಂತೆಹೊಂಡ ಎಲ್ಲಾ ಕಾರಿನ ಕಿಟಕಿಯಲ್ಲಿ ಹಿಂದಕ್ಕೆ ಹೋಗಿಬಿಡುತ್ತವೆ.

ಓಬವ್ವನ ಕಿಂಡಿಯಲ್ಲಿ ಮಗು ಸಲೀಸಾಗಿ ತೂರಿಕೊಂಡು ಹೋಯಿತು. ನಾನು ಪಕ್ಕಕ್ಕೆ ತಿರುಗಿ, ತಲೆ ತಗ್ಗಿಸಿ, ಹೊಟ್ಟೆ ಎಳೆದುಕೊಂಡು ದಾಟಿದೆ. ದೊಡ್ಡಮ್ಮ ಒಳಗೆ ಬರಲಿಲ್ಲ. ಹೊರಗೇ ನಿಂತು ಆ ಸಂದಿಯನ್ನು ಬಹಳ ಹೊತ್ತು ನೋಡಿದರು. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಒನಕೆ ಹಿಡಿದು ಕುಟ್ಟಿದವರು. "ಬರೋನು ಬಗ್ಗಿಕೊಂಡೇ ಬರಬೇಕು ಕಣೋ. ಒಬ್ಬೊಬ್ಬನೇ ಬರಬೇಕು. ಒನಕೆ ಎತ್ತಿ ಗೊತ್ತಿರೋಳಿಗೆ ಇನ್ನೇನು ಬೇಕು?" ಅಂದರು. ಹೈದರಾಲಿಯ ಸೈನಿಕರು, ಊಟಕ್ಕೆ ಹೋಗಿದ್ದ ಗಂಡ ಕಹಳೆ ಮುದ್ದ ಹನುಮ, ನೀರಿಗೆ ಬಂದ ಓಬವ್ವ, ಈ ಕಥೆಯನ್ನು ನೂರು ಸಲ ಕೇಳಿದ್ದೇನೆ. ಆದರೆ ಒನಕೆಯ ಲೆಕ್ಕದಲ್ಲಿ ಯಾರೂ ಹೇಳಿರಲಿಲ್ಲ.

ಇನ್ನೊಂದು, ನೀರು. ದುರ್ಗ ಮಳೆ ಕಮ್ಮಿ ಇರುವ ಸೀಮೆ. ಅಂಥ ಕಡೆ ಬಂಡೆಗಳ ಮೇಲೆ ಊರು ಕಟ್ಟಿ, ತಿಂಗಳುಗಟ್ಟಲೆ ಮುತ್ತಿಗೆ ತಡೆದರು ಅಂದರೆ ಸುಮ್ನೆ ಅಲ್ಲ. ಬಂಡೆಯ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ಮೇಲಿನವರು ಕುಡಿದು ಉಳಿದದ್ದು ಕೆಳಗಿನವರಿಗೆ. ಇದನ್ನು ನೋಡಬೇಕಾದರೆ ಬೆಟ್ಟ ಇಳಿದು ಪೇಟೆಗೂ ಬರಬೇಕು, ಅಲ್ವಾ? ಅರ್ಧ ನೋಡಿ ಹೋದವರಿಗೆ ಅವು ಬರೀ ನಾಲ್ಕು ಹಸಿರು ನೀರಿನ ಗುಂಡಿಗಳು.

ಮದ್ದು ಅರೆಯುವ ಬೀಸುಕಲ್ಲುಗಳು, ಏಕನಾಥಮ್ಮ, ಹಿಡಿಂಬೇಶ್ವರ ಗುಡಿಗಳು, ಮದಕರಿ ನಾಯಕರ ಕಾಲದ ಮಣ್ಣಿನ ಗೋಡೆಗಳು, ಎಲ್ಲಾ ನೋಡಿದೆವು. 1779ರಲ್ಲಿ ಕೋಟೆ ಹೈದರಾಲಿಯ ಕೈ ಸೇರಿತು ಅಂದಾಗ ಮಗು "ಹಾಗಾದರೆ ಓಬವ್ವ ಸೋತಳಾ?" ಅಂತ ಕೇಳಿತು. ಉತ್ತರ ಹೇಳೋಕೆ ನನಗೆ ಬರಲಿಲ್ಲ. ದೊಡ್ಡಮ್ಮ ಸೀತಾಫಲ ಬಿಡಿಸಿ ಅವಳ ಕೈಗಿಟ್ಟರು.

ಈಗ ಎರಡನೇ ದಿನಕ್ಕೆ ಬರುತ್ತೇನೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋಗಬೇಕು, ಅಶೋಕನ ಶಾಸನ ನೋಡಬೇಕು ಅಂತ ಆಸೆ. ಫೋನಿನಲ್ಲಿ ಬ್ರಹ್ಮಗಿರಿ ಅಂತ ಒತ್ತಿದರೆ ಕೊಡಗಿನ ಬೆಟ್ಟ ತೋರಿಸಿತು. ಸರಿ, ಪಕ್ಕದ ಸಿದ್ದಾಪುರ ಅಂತ ಒತ್ತಿದೆ. ಮತ್ತೆ ಕೊಡಗು! ಅಲ್ಲೂ ಒಂದು ಸಿದ್ದಾಪುರ ಇದೆಯಲ್ಲ. ಉತ್ತರ ಕನ್ನಡದಲ್ಲಿ ಇನ್ನೊಂದು. ಅಶೋಕನ ಕಾಲದ ಊರಿಗೆ ಹೋಗಬೇಕಾದವನನ್ನು ಫೋನು ಕಾಫಿ ತೋಟಕ್ಕೆ ಕರೆಯುತ್ತಿತ್ತು. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆವು. ಒಬ್ಬರು ಚಳ್ಳಕೆರೆಯಲ್ಲಿ ಇಳಿಯಿರಿ ಅಂದರು, ಇನ್ನೊಬ್ಬರು ಇಳಿಯಬೇಡಿ ಅಂದರು. ಎರಡು ಬಸ್ಸು, ಒಂದು ಆಟೊ ಆಗಿ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಆಟೊದವನಿಗೆ ಕಾಯೋಕೆ ಒಪ್ಪಿಸಬೇಕಾಗಿ ಬಂತು. ಇದರಲ್ಲಿ ಯಾರ ತಪ್ಪೂ ಇಲ್ಲ. ಆ ದಾರಿಯಲ್ಲಿ ಪ್ರವಾಸಿಗರು ಬರುತ್ತಾರೆ ಅಂತ ಯಾರೂ ಅಂದುಕೊಂಡಿಲ್ಲ, ಅಷ್ಟೇ.

ಆದರೆ ಆ ಬಂಡೆಯ ಮುಂದೆ ನಿಂತಾಗ ದಣಿವು ಮರೆತುಹೋಯಿತು. ಊರಿನವರು ಅದನ್ನು ಅಕ್ಷರಗುಂಡು ಅನ್ನುತ್ತಾರೆ. ಓದೋಕೆ ಬರದಿದ್ದರೂ ಅದು ಅಕ್ಷರ ಅಂತ ಅವರಿಗೆ ಗೊತ್ತಿತ್ತು ನೋಡಿ! 1890ರ ದಶಕದ ಶುರುವಿನಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬಂದು ಇದು ಅಶೋಕನದು ಅಂತ ಗುರುತಿಸಿದರು. ಅಲ್ಲೇ ಹತ್ತಿರದ ಸಿದ್ದಾಪುರದಲ್ಲಿ ಒಂದು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಇನ್ನೊಂದು.

ಸಚಿವರೇ, ಆ ಶಾಸನದಲ್ಲಿ ಏನಿದೆ ಗೊತ್ತೇ? ಅದೂ ಒಂದು ಪತ್ರವೇ. ಸುವರ್ಣಗಿರಿಯಿಂದ ಆರ್ಯಪುತ್ರನೂ (ಅಂದರೆ ರಾಜಕುಮಾರ) ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ, ಅಂದರೆ ಇಲ್ಲಿಯ ಅಧಿಕಾರಿಗಳಿಗೆ, ಬರೆಸಿದ್ದು. ಮೊದಲು ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ವಿಷಯ. ಅಪ್ಪ ಅಮ್ಮನ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಗೆ ಬರೆದವನ ಹೆಸರು, ಚಪಡ ಅಂತ. ಸುಮಾರು 2,200 ವರ್ಷದ ಹಿಂದೆ ಅಧಿಕಾರಿಗಳಿಗೆ ಬರೆದ ಪತ್ರ, ಅದೂ ಎಲ್ಲರಿಗೂ ಕಾಣುವ ಹಾಗೆ ಬಂಡೆಯ ಮೇಲೆ. ನಮ್ಮ ಜಿಲ್ಲೆಗೆ ಬಹಿರಂಗ ಪತ್ರ ಹೊಸದಲ್ಲ. ಅದೇ ಧೈರ್ಯದಲ್ಲಿ ನಾನೂ ಬರೆಯುತ್ತಿದ್ದೇನೆ. ನಿಮ್ಮ ಆರೋಗ್ಯ ವಿಚಾರಿಸಲು ಮರೆತೆ, ಕ್ಷಮಿಸಿ. ಚೆನ್ನಾಗಿದ್ದೀರಿ ಅಂತ ಭಾವಿಸಿದ್ದೇನೆ.

ಜಟಿಂಗ ರಾಮೇಶ್ವರ ನಮಗೆ ಆಗಲಿಲ್ಲ. ಹೊತ್ತು ಮೀರಿತ್ತು, ಆಟೊದವನು ಗೊಣಗುತ್ತಿದ್ದ. ಅಲ್ಲಿಯ ಶಾಸನದ ಬಂಡೆಗೆ ಬಳೆಗಾರರ ಗುಂಡು ಅಂತ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹರಡುತ್ತಿದ್ದ ಜಾಗವಂತೆ. ಅದನ್ನು ಕೇಳಿದ ಮೇಲೆ ದೊಡ್ಡಮ್ಮನಿಗೆ ಹೋಗಲೇಬೇಕು ಅನ್ನಿಸಿತ್ತು. ವಾಪಸ್ ಬರುವಾಗ ಕೈಬಳೆ ತಿರುಗಿಸುತ್ತಾ ಸುಮ್ಮನೆ ಕೂತಿದ್ದರು.

ಈಗ ನನ್ನ ಬೇಡಿಕೆ. ಶನಿವಾರ, ಭಾನುವಾರ ಬೆಳಿಗ್ಗೆ 8 ಗಂಟೆಗೆ ದುರ್ಗದ ಬಸ್ ಸ್ಟ್ಯಾಂಡಿನಿಂದ ಒಂದು ಬಸ್ಸು ಬಿಡಿ. ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ದರ್ಶನ, ಆಮೇಲೆ ಬ್ರಹ್ಮಗಿರಿ, ಸಿದ್ದಾಪುರ. ಮಧ್ಯಾಹ್ನ ಅಲ್ಲೇ ಊರವರ ಕೈಯಲ್ಲಿ ರೊಟ್ಟಿ ಊಟ. ಹತ್ತುವ ಶಕ್ತಿ ಇದ್ದವರಿಗೆ ಜಟಿಂಗ ರಾಮೇಶ್ವರ, ಆಗದವರಿಗೆ ಬೆಟ್ಟದ ಬುಡದಲ್ಲಿ ನೆರಳು, ಕುಡಿಯೋ ನೀರು, ಶೌಚಾಲಯ. ಸಂಜೆ ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಅರ್ಧ ಗಂಟೆ. ಅಲ್ಲಿಯ ರೇಷ್ಮೆ ಸೀರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಾಣೋದೇ ಬೇರೆ, ನೇಯುವವರ ಕಾಲು ಗುಂಡಿಯೊಳಗೆ ಆಡುವಾಗ ಕಾಣೋದೇ ಬೇರೆ. ಬಸ್ಸಿನಲ್ಲಿ ಕನ್ನಡದಲ್ಲಿ ಕಥೆ ಹೇಳುವ ಒಬ್ಬರು ಇರಲಿ. ಕೋಟೆಯಲ್ಲಿ ಗೈಡುಗಳಾಗಿ ಪಳಗಿದವರು ಇದ್ದಾರಲ್ಲ, ಅವರಿಗೇ ಕೊಡಿ.

ಇನ್ನೊಂದು ದಿಕ್ಕಿಗೆ ಇನ್ನೊಂದು ಬಸ್ಸು, ಆದರೆ ಅದು ಆಮೇಲೆ. ಹಿರಿಯೂರಿನ ತೇರು ಮಲ್ಲೇಶ್ವರ ಗುಡಿ, 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು. 2022ರಲ್ಲಿ 89 ವರ್ಷದ ಮೇಲೆ ಅಲ್ಲಿ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೆರೆದಿದ್ದರು. ಜನ ಬರೋದಿಲ್ಲ ಅನ್ನೋ ಮಾತು ಅಲ್ಲಿಗೇ ಸುಳ್ಳಾಯಿತು. ಚಂದ್ರವಳ್ಳಿಗೆ ಬಸ್ಸೇ ಬೇಡ, ಕೋಟೆಯ ಬುಡದಲ್ಲೇ ಇದೆ. ಮಯೂರಶರ್ಮನ ಶಾಸನ ಅಲ್ಲಿದೆ, ಅದೂ ಕೆರೆ ವಿಷಯದ್ದೇ. 1947ರಲ್ಲಿ ಪುರಾತತ್ವಜ್ಞ ವ್ಹೀಲರ್ ಅಗೆದ ಜಾಗ, ರೋಮಿನ ನಾಣ್ಯ ಸಿಕ್ಕ ನೆಲ. ಕೋಟೆಯ ಬಾಗಿಲಲ್ಲಿ "ಇಲ್ಲಿಂದ ಚಂದ್ರವಳ್ಳಿಗೆ ಹೀಗೆ ಹೋಗಿ" ಅಂತ ಒಂದು ಬಾಣ ಬರೆಸಿದರೆ ಸಾಕು.

ಬಸ್ಸು ಖಾಲಿ ಓಡುತ್ತದೆ ಅಂತ ಕಡತದಲ್ಲಿ ಯಾರಾದರೂ ಬರೆಯುತ್ತಾರೆ. ಇರಬಹುದು. ಹಾಗಾದರೆ ನವೆಂಬರಿನಿಂದ ಜನವರಿವರೆಗೆ ಮೂರೇ ತಿಂಗಳು ಓಡಿಸಿ ನೋಡಿ. ನವೆಂಬರ್ 11 ಓಬವ್ವ ಜಯಂತಿ, ಅವತ್ತೇ ಶುರು ಮಾಡಬಹುದು. ಸೀಟು ಉಳಿದರೆ ದಾರಿಯ ಹಳ್ಳಿಯವರನ್ನು ಮಾಮೂಲಿ ಟಿಕೆಟ್ಟಿಗೆ ಹತ್ತಿಸಿಕೊಳ್ಳಿ. ಅವರಿಗೂ ಬಸ್ಸು ಸಿಕ್ಕಂತಾಯಿತು, ಪ್ರವಾಸಿಗರಿಗೂ ಮಾತಾಡೋಕೆ ಜನ ಸಿಕ್ಕಂತಾಯಿತು. ಒಬ್ಬರ ಬುಟ್ಟಿಯಲ್ಲಿ ಕೋಳಿ ಇದ್ದರೂ ಪರವಾಗಿಲ್ಲ, ಕಥೆ ಹೇಳುವವರು ಸ್ವಲ್ಪ ಗಟ್ಟಿಯಾಗಿ ಹೇಳಿದರಾಯಿತು.

ಈ ಪತ್ರ ಬರೆಯುತ್ತೇನೆ ಅಂದಾಗ ದೊಡ್ಡಮ್ಮ ತಮ್ಮದೂ ಒಂದು ಮಾತು ಸೇರಿಸು ಅಂದರು. ಮೊದಲ ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕದ ಸೀಟು ಬೇಕಂತೆ, ಬಲಗಡೆಯದ್ದು. ಮೆಟ್ಟಿಲು ಹತ್ತೋಕೆ ಆಗದಿದ್ದರೆ ಕೆಳಗೇ ಕೂತಿರುತ್ತಾರಂತೆ. ಮಗು ಮೇಲೆ ಹೋಗಿ ಬಳೆಗಾರರ ಗುಂಡು ಹೇಗಿದೆ ಅಂತ ನೋಡಿಕೊಂಡು ಬಂದು ಹೇಳಬೇಕಂತೆ.

ಇಂತಿ,
ದುರ್ಗದ ಒಬ್ಬ ಹುಡುಗ, ಈಗ ಬೆಂಗಳೂರು