ಹೆಸರು ಬರೀದೇ ಇದ್ರೂ ಆಳು ಗೊತ್ತಾಗುತ್ತೆ ಪುಟ್ಟಿ

ಪುಟ್ಟಿ,

ನಿನ್ನ ಕಾಗದ ಬಂತು. ಮನೆ ವಿಷ್ಯ, ನಿಮ್ಮಪ್ಪನ ವಿಷ್ಯ ಇಬ್ರಿಗೂ ಗೊತ್ತಿರೋದೇ, ಅದನ್ನ ಮತ್ತೆ ಬರೆಯಲ್ಲ. ನೀವು ಗಾರ್ಮೆಂಟ್ಸ್ ಹುಡುಗೀರೇ ಸೇರ್ಕೊಂಡು ಸಂಬಳ, ಖರ್ಚಿನ ಸರ್ವೆ ಮಾಡ್ತಿರೋದನ್ನ ಬರ್ದು, ಕೊನೇಲಿ ಒಂದು ಸಾಲು ಬರ್ದಿದ್ದೀಯಲ್ಲ, "ನಾನು ಬರ್ಕೊಂಡು ಬಂದ ಹಾಳೆಯಿಂದ ಯಾರ್ದಾದ್ರೂ ಕೆಲ್ಸ ಹೋದ್ರೆ ಏನು ಮಾಡ್ಲಿ ದೊಡ್ಡಮ್ಮ" ಅಂತ, ಅದನ್ನ ಓದಿದ್ಮೇಲೆ ನಂಗೆ ಬೇರೆ ಯಾವ್ದೂ ತಲೆಗೆ ಹೋಗ್ತಿಲ್ಲ. ಫೋನ್ ಮಾಡಿ ಹೇಳ್ಬೋದಿತ್ತು, ಆದ್ರೆ ಫೋನಲ್ಲಿ ನಿನ್ನ ದನಿ ಕೇಳಿದ ತಕ್ಷಣ "ಏನೂ ಆಗಲ್ಲ ಬಿಡು" ಅಂದ್ಬಿಡ್ತೀನಿ, ಅದು ಸುಳ್ಳಾಗುತ್ತೆ.

ಆಗ್ಬೋದು. ಕೆಲ್ಸ ಹೋಗ್ಬೋದು. ಯೂನಿಯನ್ ಜೊತೆ ಸೇರಿದ್ರು ಅಂತ ಯಾರನ್ನೂ ತೆಗೆಯೋ ಹಾಗಿಲ್ಲ ಅಂತ ಕಾನೂನಿದೆ ನಿಜ, ಆದ್ರೆ ಆ ಕಾರಣ ಯಾರೂ ಹಾಳೆ ಮೇಲೆ ಬರೆಯಲ್ಲ. ಬ್ಯಾಚ್, ಅಂದ್ರೆ ಕೂತು ಹೊಲಿಯೋ ಲೈನು, ಬದಲಾಯಿಸ್ತಾರೆ, ಕಾಲರ್ ಹೊಲಿಯೋಳಿಗೆ ಕೈ ಕೂರದ ಬೇರೆ ಹೊಲಿಗೆ ಕೆಲ್ಸ ಕೊಡ್ತಾರೆ, ಟಾರ್ಗೆಟ್ ಮುಟ್ಟಿಲ್ಲ ಅಂತ ಎಲ್ರ ಮುಂದೆ ನಿಲ್ಸಿ ಬೈತಾರೆ, ಆಮೇಲೆ ಒಂದಿನ ಅವ್ಳೇ ರಾಜೀನಾಮೆ ಬರ್ಕೊಟ್ಟು ಹೋಗ್ತಾಳೆ. ರೆಕಾರ್ಡಲ್ಲಿ ಏನಿರುತ್ತೆ? ಸ್ವಂತ ಇಷ್ಟದಿಂದ ಬಿಟ್ರು ಅಂತ.

ನಿಮ್ಮ ಸರ್ವೆಯೋರು "ಹೆಸರು ಬರ್ಕೊಳಲ್ಲ, ಅದಕ್ಕೆ ಭಯ ಇಲ್ಲ" ಅಂದಿದಾರೆ ಅಂತ ಬರ್ದಿದ್ದೀಯ. ಅದನ್ನ ಓದಿದಾಗ್ಲೇ ನಂಗೆ ಎದೆ ಧಸಕ್ ಅಂತು. ಯಾಕೆ ಅಂತ ಹೇಳ್ತೀನಿ, ನಿಮ್ಮಮ್ಮಂಗೂ ಇದು ಪೂರ್ತಿ ಗೊತ್ತಿಲ್ಲ. ನಾನು ಗಾರ್ಮೆಂಟ್ಸ್‌ಗೆ ಹೋಗ್ತಿದ್ದಾಗ ಹೊರಗಡೆಯಿಂದ ಓದ್ಕೊಂಡೋರು ಕೆಲವ್ರು ಬಂದಿದ್ರು, ಒಳ್ಳೇ ಜನಾನೇ, ಭಾನುವಾರ ಮನೆಮನೆಗೆ ಬಂದು ಚಾಪೆ ಮೇಲೆ ಕೂತು ತುಂಬಾ ಹೊತ್ತು ಕೇಳಿ ಬರ್ಕೊಂಡ್ರು. ಹೆಸರು ಬರೀಲಿಲ್ಲ. ಆಮೇಲೆ ಅದು ಪುಸ್ತಕದ ಥರ ಆಗಿ ಎಲ್ಲೆಲ್ಲೋ ಹೋಗಿ ಅದ್ರ ಜೆರಾಕ್ಸ್ ನಮ್ಮ ಕಂಪ್ನಿ ಆಫೀಸಿಗೇ ಬಂತು. ಅದ್ರಲ್ಲಿ ಒಂದ್ಕಡೆ ಹೀಗಿತ್ತು, ಬಟ್ಟೆ ಅಂಚು ಹೊಲಿಯೋ ಓವರ್‌ಲಾಕ್ ಮಷಿನ್ ಓಡಿಸೋ ಒಬ್ಬ ಹೆಂಗಸು, ಗಂಡ ಬಿಟ್ಟೋಗಿದಾನೆ, ಕಿವಿ ಕೇಳಿಸದ ಮಗು ಇದೆ, ಬಾತ್ರೂಮಿಗೆ ಹೋದ್ರೂ ಸೂಪರ್‌ವೈಸರ್ ಹಿಂದೆ ಬಂದು ಕೂಗ್ತಾನೆ ಅಂತ ಹೇಳಿದ್ಲು ಅಂತ. ನಮ್ಮ ಫ್ಲೋರಲ್ಲಿ ಅಷ್ಟು ಓದಿದ್ಮೇಲೆ ಹೆಸರು ಯಾರಿಗೆ ಬೇಕು ಹೇಳು, ಕಿವಿ ಕೇಳಿಸದ ಮಗು ಇದ್ದಿದ್ದು ಒಬ್ಳಿಗೇ. ನನ್ನ ಪಕ್ಕದ ಮಷಿನ್ ಅವಳದು. ಮೇಲೆ ಬರ್ದೆನಲ್ಲ ಬ್ಯಾಚ್ ಬದಲಾಯಿಸೋದು, ನಿಲ್ಸಿ ಬೈಯೋದು, ಅದೆಲ್ಲ ಅವಳಿಗೇ ಆಗಿದ್ದು. ಅವ್ಳು ಬಿಟ್ಟೋದ್ಲು. ಬರ್ಬೇಕಾದ ಬಾಕಿ ದುಡ್ಡಿನ ಸೆಟ್ಲ್‌ಮೆಂಟಿಗೆ ಒಂದಿನ ಗೇಟ್ ಹತ್ರ ಬಂದಿದ್ಲಂತೆ, ನಂಗೆ ಊಟದ ಬೆಲ್ ಆದ್ಮೇಲೆ ಗೊತ್ತಾಯ್ತು, ಓಡೋದೆ, ಅಷ್ಟೊತ್ತಿಗೆ ಇರ್ಲಿಲ್ಲ. ಆಮೇಲೆ ಎಲ್ಲಿಗೆ ಹೋದ್ಲೋ ಎಷ್ಟು ವಿಚಾರ್ಸಿದ್ರೂ ಸಿಗ್ಲಿಲ್ಲ. ಆ ಮಗು ಈಗ ನಿನ್ನ ವಯಸ್ಸಿಗೆ ಬಂದಿರುತ್ತೆ.

ಬರ್ಕೊಂಡು ಹೋದೋರು ಕೆಟ್ಟೋರಲ್ಲ ಪುಟ್ಟಿ, ಅವ್ರಿಗೆ ಗೊತ್ತಾಗ್ಲಿಲ್ಲ. ಅವ್ರಿಗೆ ಅವ್ಳು "ಒಬ್ಬ ಹೆಂಗಸು", ನಮಗೆ ಅವ್ಳು ಅವ್ಳೇ. ಅಚ್ಚಾಗೋ ಮುಂಚೆ ನಮ್ಮಲ್ಲಿ ಯಾರಿಗಾದ್ರೂ ಒಂದ್ಸಲ ಓದಿ ಹೇಳಿದ್ರೆ ಸಾಕಿತ್ತು, "ಅಯ್ಯೋ ಇದನ್ನ ತೆಗೀರಿ" ಅಂತಿದ್ವಿ. ಅದಕ್ಕೇ ನೀವೇ ಗಾರ್ಮೆಂಟ್ಸ್ ಹುಡುಗೀರು ಸೇರ್ಕೊಂಡು ನೀವೇ ಪ್ರಶ್ನೆ ಮಾಡ್ಕೊಂಡು ನೀವೇ ಕೇಳ್ತಿದ್ದೀರ ಅಂದಾಗ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಎರಡು ಸಲ ಓದಿದೆ ಆ ಭಾಗ. ಯಾವ ಸಾಲಲ್ಲಿ ಆಳು ಗೊತ್ತಾಗುತ್ತೆ ಅನ್ನೋದು ಒಳಗಿರೋರಿಗೆ ಮಾತ್ರ ಕಾಣ್ಸೋದು. ನೀನು ಕೆಲ್ಸ ಹೋದ್ರೆ ಅಂತ ಹೆದರ್ತಿದ್ದೀಯಲ್ಲ, ಆ ಹೆದ್ರಿಕೆ ಇರೋಳೇ ಬರ್ಕೊಬೇಕು, ಇಲ್ದೋರು ಬರ್ಕೊಬಾರ್ದು.

ಬಿಟ್ಬಿಡ್ಲಾ ಅಂತಾನೂ ಕೇಳಿದ್ದೀಯ. ಬಿಡಬೇಡ ಅನ್ನೋಕೆ ನಂಗೆ ಹಕ್ಕಿದೆಯಾ ಗೊತ್ತಿಲ್ಲ, ಅಲ್ಲಿ ಮಷಿನ್ ಮುಂದೆ ಕೂರೋಳು ನೀನು. ಆದ್ರೂ ಒಂದು ಮಾತು. ಯೂನಿಯನ್ ಮೀಟಿಂಗಲ್ಲಿ ಒಂದ್ಸಲ ನಮಗೆ ಕನಿಷ್ಠ ವೇತನದ ಲೆಕ್ಕ ಹೇಳ್ಕೊಟ್ಟಿದ್ರು. 1957ರಲ್ಲಿ ದೆಹಲೀಲಿ ಇಂಡಿಯನ್ ಲೇಬರ್ ಕಾನ್ಫರೆನ್ಸ್ ಆದಾಗ ಮಾಡಿದ ಸೂತ್ರ ಅದು, ದುಡಿಯೋ ಒಬ್ಬನ ಸಂಬಳದಲ್ಲಿ ಮೂರು ಯೂನಿಟ್ ಬದುಕ್ಬೇಕು, ಒಂದೊಂದು ಯೂನಿಟ್ಟಿಗೆ ದಿನಕ್ಕೆ 2700 ಕ್ಯಾಲೊರಿ ಊಟ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ ಅಂತೆಲ್ಲ. ಆ ಮೂರು ಯೂನಿಟ್ ಹೇಗೆ ಗೊತ್ತಾ, ಗಂಡಸು 1, ಹೆಂಡತಿ 0.8, ಎರಡು ಮಕ್ಳು 0.6, 0.6. ನಮ್ಮ ಬ್ಯಾಚಿನ ಹೆಂಗಸ್ರೆಲ್ಲ ಮುಖ ಮುಖ ನೋಡ್ಕೊಂಡ್ವಿ. ಮನೆಗೆ ದುಡ್ಡು ತರೋಳೇ ಹೆಂಗಸಾದ್ರೆ ಲೆಕ್ಕ ಹೇಗೆ, ಅತ್ತೆ ಮಾವ ಯಾವ ಯೂನಿಟ್ಟು, ಅಂತ ಯಾರೋ ಕೇಳಿದ್ರು. ಹೇಳ್ಕೊಡೋಕೆ ಬಂದಿದ್ದೋರಿಗೂ ಉತ್ತರ ಇರ್ಲಿಲ್ಲ, ಸೂತ್ರ ಹಾಗಿದೆ ಅಂದ್ರು. ಆಮೇಲೆ 1991ರ ಒಂದು ತೀರ್ಪಲ್ಲಿ ಸುಪ್ರೀಂ ಕೋರ್ಟು, ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿಗೆ ಅಂತ ಇನ್ನೂ ಶೇಕಡ 25 ಸೇರಿಸ್ಬೇಕು ಅಂತು. ಸರಿ, ಆದ್ರೆ ನಮ್ಮ ಮನೆ ಬಾಡಿಗೆ ಎಷ್ಟು, ಕೂಸು ನೋಡ್ಕೊಳೋಳಿಗೆ ಎಷ್ಟು ಕೊಡ್ತೀವಿ, ಚೀಟಿ ಎತ್ತಿ ಯಾವ ಸಾಲ ತೀರಿಸ್ತೀವಿ, ಇದನ್ನ ಯಾರು ಬಂದು ಕೇಳಿದ್ರು? ನೀವು ಈಗ ಕೇಳ್ತಿರೋದು ಅದನ್ನೇ. ವೇತನ ಪರಿಷ್ಕರಣೆ ಬಂದಾಗೆಲ್ಲ ಮಾಲೀಕರ ಕಡೆಯೋರು ಫೈಲ್ ತರ್ತಾರೆ, ನಮ್ಮ ಕಡೆಯಿಂದ ಹೊಟ್ಟೆ ತುಂಬ್ತಿಲ್ಲ ಸ್ವಾಮಿ ಅಂತ ಬಾಯ್ಮಾತು. ಬಾಯ್ಮಾತನ್ನ ಯಾರೂ ನೋಟ್ ಮಾಡ್ಕೊಳಲ್ಲ.

2016ರಲ್ಲಿ ಪಿಎಫ್, ಅಂದ್ರೆ ಭವಿಷ್ಯ ನಿಧಿ, ಗಲಾಟೆ ಆಗಿದ್ದೂ ಹಾಗೇ. ಕಂಪ್ನಿ ಪಾಲಿನ ಪಿಎಫ್ ದುಡ್ಡು 58 ವರ್ಷ ಆಗೋವರ್ಗೂ ತೆಗೆಯೋ ಹಾಗಿಲ್ಲ ಅಂತ ನಿಯಮ ಮಾಡಿದ್ರು. 58ರವರ್ಗೂ ಗಾರ್ಮೆಂಟ್ಸಲ್ಲಿ ಕೂರೋಕೆ ಯಾರ ಸೊಂಟ ತಡೆಯುತ್ತೆ, ಅದನ್ನ ಯಾವ ಹೆಂಗಸನ್ನ ಕೇಳಿದ್ರೂ ಹೇಳ್ತಿದ್ಲು, ಕೇಳೋರೇ ಇರ್ಲಿಲ್ಲ. ಏಪ್ರಿಲ್ 18, 19 ಎರಡು ದಿನ ಹೊಸೂರು ರೋಡು, ತುಮಕೂರು ರೋಡೆಲ್ಲ ಹೆಂಗಸ್ರು ತುಂಬ್ಕೊಂಡ್ರು, ಲಾಠಿ ಏಟು ಬಿತ್ತು, ಕೇಸುಗಳಾದ್ವು, 19ನೇ ತಾರೀಕೇ ಸರ್ಕಾರ ಆ ನಿಯಮ ವಾಪಸ್ ತಗೊಂತು. ನಾನೂ ರೋಡಲ್ಲಿದ್ದೆ ಅಂತ ನಿಂಗೆ ಗೊತ್ತು, ಅದು ಬಿಡು. ಆವತ್ತು ಒಬ್ಬೊಬ್ರಾಗಿ ಯಾರಾದ್ರೂ ಹೋಗಿ ಕೇಳಿದ್ರೆ ಮಾರನೇ ದಿನ ಗೇಟ್ ಒಳಗೇ ಬಿಡ್ತಿರ್ಲಿಲ್ಲ, ಅಷ್ಟು ಜನ ಇದ್ದಿದ್ದಕ್ಕೆ ಯಾರನ್ನ ಅಂತ ಹುಡುಕ್ತಾರೆ.

ಮತ್ತೆ ನಿನ್ನ ಭಯಕ್ಕೇ ಬರ್ತೀನಿ, ಅದು ತಲೆಯಿಂದ ಹೋಗ್ತಿಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯೋರು 1994ರಲ್ಲಿ ಜನ ಸುನ್ವಾಯಿ, ಅಂದ್ರೆ ಜನರ ಮುಂದೇನೇ ವಿಚಾರಣೆ, ಅಂತ ಶುರು ಮಾಡಿದ್ರಲ್ಲ, ಕೂಲಿ ಕೆಲ್ಸದ ಮಸ್ಟರ್ ರೋಲ್, ಅಂದ್ರೆ ಹಾಜರಿ ಕೂಲಿ ಪಟ್ಟಿ, ತಂದು ಊರವ್ರ ಮುಂದೆ ಗಟ್ಟಿಯಾಗಿ ಓದೋದು, ಕೆಲ್ಸಾನೇ ಮಾಡದೋರ ಹೆಸರಲ್ಲಿ ಕೂಲಿ ಬಿದ್ದಿರೋದು ಎಲ್ರ ಎದುರೇ ಗೊತ್ತಾಗೋದು. ಆ ದಾರೀಲೇ ಹೋಗಿ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು. ಅಲ್ಲಿ ಹೆಸರು ಓದಿದ್ರೆ ಬಲ ಬಂತು, ನಮ್ಮಲ್ಲಿ ಹೆಸರಿಲ್ದೇನೂ ಒಬ್ಳು ಹೋದ್ಲು, ಯಾಕೆ ಅಂತ ಎಷ್ಟೋ ದಿನ ಯೋಚ್ನೆ ಮಾಡಿದೀನಿ. ಅವ್ರು ಓದಿದ್ದು ಮೇಲಿನೋರು ಬರ್ದಿಟ್ಟ ಲೆಕ್ಕ. ನಮ್ಮಲ್ಲಿ ಬಯಲಿಗೆ ಬಂದಿದ್ದು ಅವಳ ಮನೆ ಗೋಳು. ಹಾಗಾಗಿ ಪುಟ್ಟಿ, ನಿಮ್ಮೋರು ಒಪ್ಪೋದಾದ್ರೆ, ಕಂಪ್ನಿ ಕಡೆ ಹಾಳೆ ಮೊದ್ಲು ಜಾಸ್ತಿ ಸೇರ್ಸಿ. ಸಂಬಳದ ಚೀಟಿ, ಓಟಿಗೆ, ಅಂದ್ರೆ ಹೆಚ್ಚಿನ ಹೊತ್ತಿನ ಕೆಲ್ಸಕ್ಕೆ, ಡಬಲ್ ಕೊಡ್ಬೇಕಾದ ಕಡೆ ಎಷ್ಟು ಹಾಕಿದಾರೆ, ಲೈನ್ ಮುಂದೆ ಬೋರ್ಡಲ್ಲಿ ಗಂಟೆಗೊಂದ್ಸಲ ಬರೆಯೋ ಟಾರ್ಗೆಟ್ಟು. ಅದು ಯಾರೊಬ್ರ ಗುಟ್ಟೂ ಅಲ್ಲ. ಚೀಟಿ ಫೋಟೋ ತೆಗೆಯೋವಾಗ ಕೆಲ್ಸದೋಳ ಟೋಕನ್ ನಂಬರ್ ಮೇಲೆ ಬೆರಳಿಡು.

ಇನ್ನೇನು ಹೇಳ್ಲಿ, ನಿಮ್ಗೆ ಟ್ರೈನಿಂಗ್ ಕೊಟ್ಟಿರ್ತಾರೆ, ನಾನು ಹೇಳೋದು ಹಳೇದಾಗಿರ್ಬೋದು. ಗೇಟ್ ಹತ್ರ ನಿಂತ್ಕೊಂಡು ಕೇಳ್ಬೇಡ, ಸೆಕ್ಯುರಿಟಿಯೋರು ನೋಡ್ತಾರೆ. ಒಡಿಶಾ ಹುಡುಗೀರು ಹಾಸ್ಟೆಲ್‌ನಲ್ಲಿರ್ತಾರೆ ಅಂದ್ಯಲ್ಲ, ಅವ್ರಿಗೆ ಕೆಲ್ಸದ ಜೊತೆ ಮಲಗೋ ಜಾಗಾನೂ ಹೋಗುತ್ತೆ, ಅವ್ರ ವಿಷ್ಯದಲ್ಲಿ ಇನ್ನೂ ಹುಷಾರು, ಅವ್ರು ಬೇಡ ಅಂದ್ರೆ ಒತ್ತಾಯ ಮಾಡ್ಲೇಬೇಡ. ಯಾವ ನಂಬರಿನ ಫಾರಂ ಯಾರ್ದು ಅನ್ನೋ ಪಟ್ಟಿ ಫಾರಂ ಜೊತೆ ಇಡ್ಬೇಡಿ, ವಾಟ್ಸಾಪಲ್ಲಂತೂ ಬೇಡ್ವೇ ಬೇಡ. ಬೇಕಾದ್ರೆ ಆ ಪಟ್ಟಿ ನನ್ನ ಹತ್ರ ಕೊಡು, ನಮ್ಮನೇಗೆ ಯಾರು ಬರ್ತಾರೆ. ಮತ್ತೆ ಹೇಳಿದೋಳು ನಾಳೆ ಬಂದು ನಾನು ಹೇಳಿದ್ದು ತೆಗೆದಾಕು ಅಂದ್ರೆ ಯಾಕೆ ಅಂತ ಕೇಳ್ದೇ ತೆಗೆದಾಕು. ಅಚ್ಚಿಗೆ ಹೋಗೋ ಮುಂಚೆ ಆ ಹೆಂಗಸ್ರನ್ನೇ ಕೂರಿಸ್ಕೊಂಡು ಓದಿ. ಆ ಓದ್ಕೊಂಡೋರಿಗೆ ನಾನೂ ಅವತ್ತು ಹೇಳಿದ್ದು ಎಲ್ಲೋಯ್ತು, ಏನು ಬರ್ಕೊಂಡ್ರು, ಇವತ್ತಿಗೂ ನಾನು ನೋಡಿಲ್ಲ, ಆ ಬೇಜಾರು ಇನ್ನೂ ಇದೆ ನಂಗೆ.

ಇಷ್ಟು ಮಾಡಿದ್ಮೇಲೂ ಯಾರ್ದಾದ್ರೂ ಕೆಲ್ಸ ಹೋದ್ರೆ? ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಪುಟ್ಟಿ, ಇದ್ದಿದ್ರೆ ಮೊದ್ಲೇ ಬರೀತಿದ್ದೆ. ಸರ್ವೆ ಮುಂದುವರ್ಸೋಕೆ ಮುಂಚೆ ಯೂನಿಯನ್ನೋರನ್ನ ಇದೇ ಮಾತು ಕೇಳು, ಕೆಲ್ಸ ಹೋದೋಳ ಮನೆಗೆ ಯಾರು ಹೋಗ್ತಾರೆ, ಒಂದು ತಿಂಗ್ಳ ಬಾಡಿಗೆಗೆ ದುಡ್ಡು ಎಲ್ಲಿಂದ ಬರುತ್ತೆ, ಲೇಬರ್ ಆಫೀಸಿಗೆ ಅವಳ ಜೊತೆ ಯಾರು ಅಲೀತಾರೆ. ನೀನೊಬ್ಳೇ ಹೊತ್ಕೊಳೋ ಭಾರ ಅಲ್ಲ ಅದು. ಅವ್ರು ನೋಡೋಣ ಅಂದ್ರೆ, ನೋಡಿದ್ಮೇಲೇ ಮುಂದುವರ್ಸೋಣ ಅನ್ನು.

ಮುಂದಿನ ವಾರ ಬಂದಾಗ ಬೇರೆ ಮಾತು ಬೇಡ, ತುಂಬಿದ ಫಾರಂ ಒಂದೆರಡು, ಯಾರ್ದು ಅಂತ ಹೇಳ್ದೇ, ಅವ್ರನ್ನ ಕೇಳಿ ಒಪ್ಪಿದ್ರೆ ಮಾತ್ರ ತಗೊಂಡ್ ಬಾ. ನಾನು ಓದ್ತೀನಿ. ಯಾವ ಸಾಲಲ್ಲಿ ಆಳು ಕಾಣ್ಸುತ್ತೋ ಅಲ್ಲಿ ಪೆನ್ಸಿಲಲ್ಲಿ ಗೆರೆ ಹಾಕ್ಕೊಡ್ತೀನಿ.

ನಿನ್ನ ದೊಡ್ಡಮ್ಮ