ಹರಿವಿನ ಹಿಂದೆ ಹೋಗುವ ಗಣಿತ

ಮಾನ್ಯ ಸಂಪಾದಕರೇ,

ಗಣಿತ ಓದಿದರೆ ಮೇಷ್ಟ್ರ ಕೆಲಸ ಬಿಟ್ಟು ಬೇರೇನಿದೆ ಎಂದು ಮಕ್ಕಳನ್ನು ಸುಮ್ನೆ ಹೆದರಿಸುತ್ತೇವೆ, ಅಲ್ವಾ? ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ ನೋಡಿ. ನೀರು ಗಾಜಿನ ಕಡ್ಡಿಯ ಹಾಗೆ ಇಳಿಯುತ್ತದೆ. ಜಾಸ್ತಿ ತಿರುಗಿಸಿದರೆ ಚೆಲ್ಲಾಡುತ್ತದೆ. ಈ ಬದಲಾವಣೆಯನ್ನು ಬ್ರಿಟನ್ನಿನ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಹರಿಸಿ ತೋರಿಸಿದರು. ಇಂಥ ಹರಿವನ್ನು ಸಮೀಕರಣದಲ್ಲಿ ಹಿಡಿಯುವುದು ಅನ್ವಯಿಕ ಗಣಿತಜ್ಞರ, ಅಂದರೆ ಗಣಿತವನ್ನು ನಿಜ ಜಗತ್ತಿನ ಸಮಸ್ಯೆಗಳಿಗೆ ಬಳಸುವವರ, ಕೆಲಸಗಳಲ್ಲೊಂದು. ಒಂದೇ ಸುಳಿಯ ಹಿಂದೆ ವರ್ಷಗಟ್ಟಲೆ ಕೂರಬೇಕಾಗಬಹುದು. ಆದರೆ ಹವಾಮಾನ ಮುನ್ಸೂಚನೆ, ವಿಮಾನದ ರೆಕ್ಕೆ, ರಕ್ತನಾಳ, ಎಲ್ಲ ಕಡೆಯೂ ಅವರು ಬೇಕು. ಹರಿವನ್ನು ವಿವರಿಸುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳ ಒಂದು ಮೂಲ ಪ್ರಶ್ನೆಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲೇ 10 ಲಕ್ಷ ಡಾಲರ್ ಬಹುಮಾನ ಇಟ್ಟಿದೆ. ನಿಮ್ಮ ಉದ್ಯೋಗ ಪುಟದಲ್ಲಿ ದಯವಿಟ್ಟು ಈ ದಾರಿಯನ್ನೂ ಪರಿಚಯಿಸಿ.

– ಒಬ್ಬ ಗಣಿತ ಶಿಕ್ಷಕಿ